ಬಾಟಲಿ ನೋಡಿಯೇ ಬಳಗ ಹೇಳುವ ಅಕ್ಬರಬಿ

ಬೆಳಗಿನ ಆರೂವರೆ. ಕುರ್ಲಾದಿಂದ ಲೋಕಲ್ ಹಿಡಿದು ಬಂದ ಅಕ್ಬರಬಿ, ಮುಂಬೈನ ಮಾಟುಂಗದ ಕಾಲೇಜೊಂದರ ಪ್ರಾಣಿಶಾಸ್ತ್ರ ಸಂಗ್ರಹಾಲಯದ ಬೀಗ ತೆಗೆಯುತ್ತಾರೆ. ಸತ್ತ ಪ್ರಾಣಿಗಳನ್ನು ಕೆಡದಂತಿಡುವ ಫಾರ್ಮಲಿನ್ ವಾಸನೆ ಮೂಗಿಗೆ ಬಡಿದರೂ ಮುಖ ಅರಳುತ್ತದೆ. ಮೊದಲ ಬಾಟಲಿ ಒರೆಸುತ್ತಾ ಒಳಗಿನ ಏಡಿಗೆ, "ಏನವ್ವಾ, ಆರಾಮ?" ಎನ್ನುತ್ತಾರೆ.

ಸಿಂದಗಿ ಕಡೆಯ ಈ ಐವತ್ತನಾಲ್ಕರ ಹೆಣ್ಣುಮಗಳು ಇಲ್ಲಿ ಸಫಾಯಿ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಗಾರೆ ಕೆಲಸದ ಗಂಡ ಮೇಲಿಂದ ಬಿದ್ದು ನಡು ಮುರಿದುಕೊಂಡಾಗ ಸಂಸಾರ ಇವರ ಹೆಗಲೇರಿತು. ಓದಿದ್ದು ಮೂರನೇ ಇಯತ್ತೆ. ಎಂಟು ಕಪಾಟು, ನಾನೂರ ಹನ್ನೆರಡು ಬಾಟಲಿ. ದಿನಕ್ಕೊಂದು ಕಪಾಟಿನ ಸರದಿ. ನೆಲ ಒರೆಸುವಾಗಲೇ ಪಕ್ಕದ ಲ್ಯಾಬಿನ ಪಾಠ ಕಿವಿಗೆ ಬೀಳುತ್ತಿತ್ತು. ಅದನ್ನೀಗ ಅಕ್ಬರಬಿ ತಮ್ಮದೇ ಮಾತಲ್ಲಿ ಹೇಳುತ್ತಾರೆ:

"ಮೊದಲ ಬೆನ್ನೆಲುಬು ನೋಡೂದ್ರಿ. ಇಲ್ಲದವು ಅತ್ತಾಗ: ಹುಳ, ಶಂಖ, ಏಡಿ. ಇದ್ದವು ಇತ್ತಾಗ: ಮೀನ, ಕಪ್ಪಿ, ಹಾವು, ಹಕ್ಕಿ, ಹಾಲ ಕುಡಿಸೂವು. ಇಷ್ಟ ತಿಳದ್ರ ಅರ್ಧಾ ದುನಿಯಾ ತಿಳದಂಗ."

ಕಳೆದ ಜುಲೈಯಲ್ಲಿ ಚಾವಣಿಯ ಪೈಪು ಒಡೆದು ಬಾಟಲಿಗಳ ಮೇಲಿನ ಹೆಸರಿನ ಚೀಟಿಗಳೆಲ್ಲ ತೊಯ್ದು ಕಳಚಿದವು. ಅವಸರದಲ್ಲಿ ಎತ್ತಿಟ್ಟ ಬಾಟಲಿಗಳೂ ಕಲಸಿಹೋದವು. ಮರುದಿನವೇ ತಪಾಸಣೆ. ಸಂಗ್ರಹ ಸರಿಯಿಲ್ಲದಿದ್ದರೆ ಕೋಣೆಯನ್ನು ಗೋದಾಮು ಮಾಡುವ ಮಾತಿತ್ತು. ಪ್ರಾಧ್ಯಾಪಕಿ ಸಪ್ನಾ ತಲೆ ಮೇಲೆ ಕೈಹೊತ್ತು ಕೂತಾಗ ಅಕ್ಬರಬಿ ಸೆರಗು ಸಿಕ್ಕಿಸಿದರು: "ನೀವ್ ಬರಕೋರಿ ಮೇಡಂ, ನಾ ಹೇಳ್ತೀನಿ."

ಸಂಜೆಯೊಳಗೆ ಏಳು ಕಪಾಟು ಭರ್ತಿ! ಆಗ ಮಬ್ಬು ದ್ರವದ ಒಂದು ಬಾಟಲಿ ತಕರಾರೆಬ್ಬಿಸಿತು. "ಅಕ್ಕಾ, ಇದು ಹಾವು ಅಲ್ವಾ?" ಎಂದರು ಸಪ್ನಾ.

"ಅಲ್ರಿ. ಹಾವಿನ ಮೈಮ್ಯಾಲೆ ಹುರುಪಿ ಇರತಾವ, ಇದು ನುಣ್ಣಗ ಐತಿ. ಎರಿಹುಳಾನೂ ಅಲ್ಲ, ಬಾಯಾಗ ಹಲ್ಲದಾವ. ಹಿಂದಿನ ಸರ್ ತೋರಿಸೂವಾಗ ನೋಡೇನಿ. ಕಪ್ಪಿ ಬಳಗದ್ದ ಇದು, ಕಾಲಿಲ್ಲ ಅಷ್ಟ."

ಸಪ್ನಾ ಚಿಮಟದಿಂದ ಬಾಯಿ ಬಿಡಿಸಿ ಭೂತಗನ್ನಡಿ ಹಿಡಿದರು. ಸಾಲಾಗಿ ಹಲ್ಲು! ಹಳೆಯ ರಿಜಿಸ್ಟರಿನಲ್ಲೂ ಅದೇ ಇತ್ತು: ಕಾಲಿಲ್ಲದ ಉಭಯವಾಸಿ. ಸಪ್ನಾ ಎದ್ದವರೇ ಅಕ್ಬರಬಿಯನ್ನು ತಬ್ಬಿಕೊಂಡುಬಿಟ್ಟರು.

ತಪಾಸಣೆಯವರಿಗೆ ಒಂದೂ ತಪ್ಪು ಹುಡುಕಲಾಗಲಿಲ್ಲ. ಸಂಗ್ರಹಾಲಯ ಉಳಿಯಿತು. ಈ ವರ್ಷದಿಂದ ಹೊಸ ವಿದ್ಯಾರ್ಥಿಗಳಿಗೆ ಕಪಾಟು ತೋರಿಸುವುದು ಅಕ್ಬರಬಿಯೇ. ಮಕ್ಕಳು ಮೊಬೈಲು ಕಿಸೆಗಿಟ್ಟು ಕೇಳುತ್ತಾರೆ.

ಏನಾದರೂ ಆಸೆಯಿದೆಯೇ ಎಂದರೆ ನಾಚಿಕೊಳ್ಳುತ್ತಾರೆ. "ಹುಡುಗೂರು ಮಳಿಗಾಲದಾಗ ಪ್ರಾಣಿ ನೋಡಾಕ ಘಟ್ಟಕ್ಕ ಹೋಗ್ತಾರ್ರಿ. ಆ ಬಸ್ಸಿನಾಗ ನನಗೊಂದ ಸೀಟ್ ಕೊಟ್ರ ಸಾಕ. ಇಲ್ಲೀತನಕಾ ಸತ್ತವನ್ನ ನೋಡೇನಿ. ಒಂದ ಸಲಾ ಅವು ಓಡ್ಯಾಡೂದು ನೋಡಬೇಕ್ರಿ."