ತಂಗಿಯ ಅಂಗಡಿಯ ಅರಿಶಿನದ ಸೂಜಿ

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನನ್ನದೊಂದು ಸ್ಟುಡಿಯೊ ಇದೆ. ಹಚ್ಚೆ ಹಾಕುತ್ತೇನೆ, ಕಿವಿ ಮೂಗು ಚುಚ್ಚುತ್ತೇನೆ. ಕೈ ತೊಳೆಯಲು ಬೇರೆ ಬೇಸಿನ್, ಸೂಜಿಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರ, ಬಳಸಿದ ಸೂಜಿಗೆ ಮುಚ್ಚಳದ ಡಬ್ಬಿ, ಗೋಡೆಯ ಮೇಲೆ ಲೈಸೆನ್ಸು, ಎಲ್ಲವೂ ಇವೆ. ಇಲ್ಲದಿರುವುದು ಗಿರಾಕಿಗಳು. ನನ್ನ ಹತ್ತಿರವೇ ಕೆಲಸ ಕಲಿತ ತಂಗಿ, ಮದುವೆಯಾಗಿ ಹರಿಹರಕ್ಕೆ ಹೋದ ಮೇಲೆ ಅಲ್ಲಿ ಸ್ಟುಡಿಯೊ ತೆರೆದಳು. ನನ್ನ ಬೀದಿಯವರೇ ಮಕ್ಕಳನ್ನು ಎತ್ತಿಕೊಂಡು, ನನ್ನ ಬಾಗಿಲ ಮುಂದೆ ಹಾದು, ಬಸ್ಸು ಹತ್ತಿ ಅವಳಲ್ಲಿಗೆ ಹೋಗತೊಡಗಿದರು.

ಕಾರಣ ನನಗೆ ಗೊತ್ತಿತ್ತು. ಮಗುವಿನ ಕಿವಿ ಚುಚ್ಚುವ ಮೊದಲು ಮನೆಯ ಹಿರಿಯಳು ಸೂಜಿಯನ್ನು ಅರಿಶಿನದಲ್ಲಿ ಅದ್ದಿ ಕೈಗೆ ಕೊಡಬೇಕು ಎನ್ನುತ್ತಾರೆ. ನಾನು ಒಪ್ಪುತ್ತಿರಲಿಲ್ಲ. ಪೊಟ್ಟಣದಿಂದ ಹೊರಬಂದ ಸೂಜಿ ಕಿವಿಯನ್ನಲ್ಲದೆ ಬೇರೇನನ್ನೂ ಮುಟ್ಟಬಾರದು. ತಂಗಿ ಒಪ್ಪುತ್ತಾಳೆ ಎಂದು ಸುದ್ದಿ.

ಕಳೆದ ವರ್ಷ ಯಾರೋ ಅದನ್ನೇ ದೂರು ಬರೆದರು. ಅವಳ ಲೈಸೆನ್ಸ್ ನವೀಕರಣ ನಿಂತಿತು. ತಪಾಸಣೆಯಲ್ಲಿ ತಪ್ಪು ಕಂಡರೆ ಅಂಗಡಿಗೆ ಬೀಗ ಬೀಳುತ್ತಿತ್ತು. ದೂರು ಕೊಟ್ಟದ್ದು ನಾನಲ್ಲ. ಆದರೆ ಸುದ್ದಿ ಕೇಳಿದ ದಿನ ನನಗೆ ಊಟ ರುಚಿಸಿತು.

"ನೀ ಇದ್ರೆ ನಂಗೆ ಧೈರ್ಯ, ಬಾರಕ್ಕಾ" ಎಂದು ತಪಾಸಣೆಯ ದಿನ ಅವಳೇ ಕರೆದಳು. ಹೋದೆ.

ಆರೋಗ್ಯ ನಿರೀಕ್ಷಕರು ಯಂತ್ರ ನೋಡಿದರು, ಹಚ್ಚೆಯ ಬಣ್ಣದ ಬಾಟಲಿಗಳ ಅವಧಿ ನೋಡಿದರು. ಒಂದು ಕಿವಿ ಚುಚ್ಚುವುದನ್ನೂ ನೋಡಬೇಕೆಂದರು. ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ಬಂದ ಒಬ್ಬ ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಇವ್ರು ಯಾರವ್ವಾ?" ಎಂದು ಅಜ್ಜಿ ನನ್ನತ್ತ ಗದ್ದ ಎತ್ತಿದಳು.

"ನಮ್ಮಕ್ಕ ರೀ. ಕೆ.ಬಿ. ಬಡಾವಣ್ಯಾಗೆ ಇವ್ರದೂ ಅಂಗಡಿ ಐತೆ."

"ಆ ದವಾಖಾನಿ ಇದ್ದಂಗೆ ಐತಲ್ಲ, ಅದಾ? ಯಪ್ಪಾ, ಹೆಂಗ್ ಹೋಗದು! ಬಾಗ್ಲಾಗೇ ಮಗು ಅಳಾಕ್ ಹತ್ತತೈತೆ."

ಎಲ್ಲರೂ ನಕ್ಕರು. ನಿರೀಕ್ಷಕರೂ ನಕ್ಕರು.

ತಂಗಿ ಪೊಟ್ಟಣ ಹರಿದು, ಸೂಜಿಯನ್ನು ಅಜ್ಜಿಯ ಪೂಜೆಯ ತಟ್ಟೆಗೆ ಹಾಕಿದಳು. ಅಜ್ಜಿ ಅದನ್ನು ಕಲಸಿದ ಅರಿಶಿನದಲ್ಲಿ ಅದ್ದಿ, ಕಣ್ಣಿಗೆ ಒತ್ತಿಕೊಂಡಳು. ಆ ಹೊತ್ತಿಗೆ ನಿರೀಕ್ಷಕರು ಬಗ್ಗಿ ಬೇಸಿನ್ನಿನ ಕೊಳವೆ ನೋಡುತ್ತಿದ್ದರು. ಕಂಡದ್ದು ನನಗೊಬ್ಬಳಿಗೆ. ತಂಗಿ ನನಗೆ ಬೆನ್ನು ಮಾಡಿ ಮಗುವಿನ ಮೇಲೆ ಬಾಗಿದಳು. ಅವಳ ಮೊಣಕೈ ಮೇಲೇರಿತು.

"ನಿಲ್ಸು!" ಎಂದು ಕೂಗಿದೆ. "ಸಾರ್, ಆ ಸೂಜಿ ಅರಿಶಿನದಾಗೆ ಅದ್ದಿದ್ದು!"

ನಿರೀಕ್ಷಕರು ತಿರುಗಿದರು.

"ಕೂಗಬ್ಯಾಡಕ್ಕಾ, ಮಗು ಬೆಚ್ಚತೈತೆ" ಎಂದು ತಂಗಿ ನಿಧಾನವಾಗಿ ಪಕ್ಕಕ್ಕೆ ಸರಿದಳು. ಅರಿಶಿನದ ಸೂಜಿ ತಟ್ಟೆಯಲ್ಲೇ, ಬೆಲ್ಲದ ಪಕ್ಕ ಬಿದ್ದಿತ್ತು. ಅವಳು ಹೊಸ ಗವಸು ಹಾಕಿದ್ದಳು. ಬೆರಳುಗಳ ನಡುವಿನ ಸೂಜಿಗೆ ಒಂದು ಕಲೆಯೂ ಇರಲಿಲ್ಲ. ಟ್ರೇಯಲ್ಲಿ ಆಗತಾನೆ ಹರಿದ ಇನ್ನೊಂದು ಪೊಟ್ಟಣವಿತ್ತು.

"ಯಾವಾಗ್ಲೂ ಎರಡು ಹರಿತೀನ್ರಿ ಸಾರ್. ಒಂದು ಅಜ್ಜಿಗೆ, ಒಂದು ಕಿವಿಗೆ. ಅಜ್ಜಿದು ಪೂಜಿ ಆದ್ಮ್ಯಾಲೆ ಡಬ್ಬಿಗೆ ಹೋಗತೈತೆ."

"ದೇವರಿಗೆ ಮುಟ್ತಲ್ಲ, ಸಾಕು. ಕಿವಿಗೆ ಯಾವ್ದಾದ್ರೂ ಹಾಕವ್ವಾ" ಎಂದಳು ಅಜ್ಜಿ.

ನಿರೀಕ್ಷಕರು ತಟ್ಟೆ ನೋಡಿದರು, ಟ್ರೇ ನೋಡಿದರು. "ನನಗಿಂತ ನಿಮ್ಮಕ್ಕನೇ ಬಿಗಿಯಾಗಿ ತಪಾಸಣೆ ಮಾಡ್ತಾರೆ ಬಿಡಮ್ಮ" ಎಂದು ನಗುತ್ತ ಸಹಿ ಹಾಕಿದರು. ಮಗು ಒಮ್ಮೆ ಚೀರಿ, ಬೆಲ್ಲ ಬಾಯಿಗೆ ಬಿದ್ದೊಡನೆ ಸುಮ್ಮನಾಯಿತು. ಎರಡು ಪೊಟ್ಟಣ ಹರಿಯುವುದು ನಾನು ಕಲಿಸಿದ್ದಲ್ಲ. ಇಷ್ಟು ವರ್ಷ ನಾನು ಎಷ್ಟೋ ಅಜ್ಜಿಯರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದೆ. ಅವಳು ಒಂದು ಸೂಜಿ ಹೆಚ್ಚು ಕೊಟ್ಟು ಅವರನ್ನೆಲ್ಲ ಗೆದ್ದಿದ್ದಳು.

ನಿರೀಕ್ಷಕರು ಹೋದ ಮೇಲೆ ತಂಗಿ ಗವಸು ತೆಗೆಯುತ್ತ ಕೇಳಿದಳು. "ನನ್ನ ನಿಲ್ಸಾಕೆ 'ನಿಲ್ಸು' ಅಂದ್ರೆ ಸಾಕಿತ್ತಲ್ಲಕ್ಕಾ. ಸಾರ್‌ನ ಯಾಕ ಕರದಿ?"

"ಮಗು ನೋಡಿ ಗಾಬ್ರಿ ಆತು" ಎಂದೆ. ಗಾಬರಿ ಸುಳ್ಳಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ.

ಅವಳು ಗವಸನ್ನು ಕಸದ ಡಬ್ಬಿಗೆ ಹಾಕಿದಳು. ಬಾಗಿಲಲ್ಲಿ ಇನ್ನೊಂದು ಮನೆಯವರು ಚಪ್ಪಲಿ ಬಿಡುತ್ತಿದ್ದರು. "ಬರ್ರಿ, ಕೂಡ್ರಿ" ಎಂದು ಅವಳು ಕರೆದಳು. ನಾನು ಸರಿದು ದಾರಿ ಬಿಟ್ಟೆ.