ಸೋಮವ್ವ ಹಾಸಿದ ಕಂಬಳಿ

ಗುಡ್ಡ ಏರುವ ಕಾಲುದಾರಿಗೆ ಅಡ್ಡಲಾಗಿ ಒಂದು ಕರಿಯ ಕಂಬಳಿ ಹಾಸಿತ್ತು. ಮೂಲೆಗಳಿಗೆ ಕಲ್ಲು ಹೇರಿ, ನಡುವೆ ಒಂದಿಷ್ಟು ಅರಿಸಿನದ ಪುಡಿ ಚೆಲ್ಲಿದ್ದರು. ಬಾಗಲಕೋಟೆಯಿಂದ ಬಸ್ಸಿನಲ್ಲಿ ನಿಂತೇ ಬಂದು ಸೊಂಟ ಹಿಡಿದುಹೋಗಿದ್ದ ಈ ಲೇಖಕ ಮಹಾಶಯನಿಗೆ, ಬರುವ ಅತಿಥಿಗೆ ಹಳ್ಳಿಯವರು ಎಷ್ಟು ಮುತುವರ್ಜಿಯಿಂದ ಹಾಸಿಟ್ಟಿದ್ದಾರಲ್ಲ ಎನಿಸಿತು. ಬೂಟು ಸಮೇತ ಹೋಗಿ ಅದರ ನಟ್ಟನಡುವೆ ಕಾಲು ಚಾಚಿ ಕುಳಿತು ಬಾಳೆಹಣ್ಣು ಸುಲಿದ.

"ಏ ಯಾವನಲೇ ಅಂವಾ! ಏಳೋ ಮ್ಯಾಲ!"

ಬುಡದಲ್ಲಿ ಕುರಿ ಕಾಯುತ್ತಿದ್ದವರೆಲ್ಲ ಓಡಿ ಬಂದರು. ಗಾಬರಿಯಲ್ಲಿ ಎದ್ದವನು ಬಂದ ಕಡೆಗೇ ಇಳಿಯಬೇಕಿತ್ತು. ಗುಡ್ಡದ ಕಡೆಗೆ ಜಿಗಿದ.

"ಕುಂತದ್ದು ಸಾಲದು ಅಂತ ದಾಟಿಬಿಟ್ಟನಲ್ಲಲೇ!" ಎಂದು ಒಬ್ಬ ಹಣೆ ಹಣೆ ಬಡಿದುಕೊಂಡ.

ಅಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿದ ಒಬ್ಬ ಮುದುಕಿ ಬಂದಳು. ಬಾಳೆಹಣ್ಣಿನ ಸಿಪ್ಪೆಯನ್ನೂ ಲೇಖಕನನ್ನೂ ಒಂದೇ ನೋಟದಲ್ಲಿ ನೋಡಿ, "ದಂಡ ಐತ್ರಿ. ಕುರಿ ಕಾಯವ್ರಿಗೆಲ್ಲ ಹುಗ್ಗಿ ಹಾಕಸಬೇಕು" ಎಂದಳು.

ಅವಳೇ ಸೋಮವ್ವ. ಮಂಡಲ ಪಂಚಾಯತಿಗೆ ಆರಿಸಿಬಂದ ಹೆಣ್ಣುಮಕ್ಕಳ ಬಗ್ಗೆ ವಾರಪತ್ರಿಕೆಗೆ ಬರೆಯಬೇಕೆಂದು ಲೇಖಕ ಹುಡುಕಿಕೊಂಡು ಬಂದದ್ದು ಅವಳನ್ನೇ.

ಹುನಗುಂದ ದಾಟಿ ಇಳಕಲ್ಲಿನ ಕಡೆಗೆ ಹೋಗುವಾಗ ಸಿಗುವ ಈ ಕೆಂಚರಗುಡ್ಡ ಅಂಥ ದೊಡ್ಡದೇನಲ್ಲ. ಬಾದಾಮಿಯ ಬಂಡೆ ನೋಡಿದವರು ಇದನ್ನು ಗುಡ್ಡ ಅಂದರೆ ನಕ್ಕಾರು. ಆದರೆ ಸುತ್ತಲಿನ ಕುರಿ, ಆಡು, ದನಗಳು ಬೇಸಿಗೆ ಕಳೆಯುವುದು ಇದರ ಮೇಲೆಯೇ. ಮುಂಗಾರಿನ ಮಿರಗದ ಮಳೆ ಬಿದ್ದಕೂಡಲೆ ಕುರುಬರ ದೇವರು ಬೀರಪ್ಪನ ಹೆಸರು ಹೇಳಿ ದಾರಿಗೆ ಕಂಬಳಿ ಹಾಸಿ ಭಂಡಾರ ಚೆಲ್ಲಿದರೆಂದರೆ ದೀಪಾವಳಿಯವರೆಗೆ ಗುಡ್ಡ ಬಂದ್. ಹುಲ್ಲು ತೆನೆಗಟ್ಟಿ, ಒಣಗಿ, ಬೀಜ ನೆಲಕ್ಕೆ ಉದುರಬೇಕು. ಆಮೇಲೆ ಕಂಬಳಿ ಸುತ್ತಿದರೆ ಕುರುಬರ ಕುರಿಗೂ ಮೇವು, ಖಾದರಬಾಷಾನ ಆಡಿಗೂ ಮೇವು. ಬೇಲಿಯಿಲ್ಲ, ಕಾವಲಿಲ್ಲ, ಸರಕಾರದ ಬೋರ್ಡಿಲ್ಲ. ದಾಟಿದವನು ಎಲ್ಲರಿಗೂ ಗೋದಿಹುಗ್ಗಿ ಉಣ್ಣಿಸಬೇಕು, ಇಷ್ಟೇ ಕಾನೂನು.

ಎಪ್ಪತ್ತರ ದಶಕದ ಮೊದಲಿಗೆ ಗಂಡ ತೀರಿಕೊಂಡ ಮೇಲೆ ಕಂಬಳಿ ಹಾಸುವ ಕೆಲಸ ಸೋಮವ್ವನಿಗೆ ಬಂತು. ಹೆಂಗಸು ಹಾಸಿದ ಕಂಬಳಿಗೆ ಯಾವ ಕುರಿ ಅಂಜುತ್ತದೆ ಎಂದು ಕೆಲವರು ನಕ್ಕರು. ಆ ವರ್ಷವೇ ಅವಳ ಒಡಹುಟ್ಟಿದ ತಮ್ಮ ಕನಕಪ್ಪ ತನ್ನ ಹಿಂಡು ದಾಟಿಸಿದ. ಅಕ್ಕ ಬಿಟ್ಟಾಳು ಎಂಬ ಧೈರ್ಯ. ಅಕ್ಕ ಊರನ್ನೆಲ್ಲ ಕರೆದು ಅವನ ಅಂಗಳದಲ್ಲೇ ಕೂಡಿಸಿ, ತಾನೇ ನಿಂತು ಹುಗ್ಗಿ ಬಡಿಸಿದಳು.

"ನೀನೂ ಒಂದು ತುತ್ತು ಉಣ್ಣ ಬೇ ಅಕ್ಕಾ," ಅಂದ ಕನಕಪ್ಪ.

"ನಂಗ ಸಿಹಿ ಆಗಿಬರೂದಿಲ್ಲ," ಎಂದು ಅವಳು ಮನೆಗೆ ಹೋಗಿ ರೊಟ್ಟಿ ತಿಂದಳು. ನಗುವವರು ಅಲ್ಲಿಂದ ಕಡಿಮೆಯಾದರು. ಮುಂದೊಮ್ಮೆ ತಾಲೂಕು ಬೋರ್ಡಿನವರು ನೀಲಗಿರಿ ನೆಡುತ್ತೇವೆಂದು ಜೀಪಿನಲ್ಲಿ ಬಂದರು. ಹುಗ್ಗಿಯ ವಿಷಯ ಕೇಳಿ, ಎಷ್ಟು ಮಂದಿಗೆ ಅಂತ ವಿಚಾರಿಸಿ, ಜೀಪು ತಿರುಗಿಸಿಕೊಂಡು ಹೋದರು.

ಎಂಬತ್ತೇಳರಲ್ಲಿ ಮಂಡಲ ಪಂಚಾಯತಿ ಚುನಾವಣೆ ಬಂತು. ಜತೆಗೆ ಲಕ್ಷ್ಮಪ್ಪನೂ ಬಂದ. ಲಕ್ಷ್ಮಪ್ಪ ಹುಟ್ಟಿದಾಗಲೇ ತಾಯಿ ತೀರಿಕೊಂಡಿದ್ದಳು. ಎದೆಹಾಲು ಕೊಟ್ಟು ಬೆಳೆಸಿದವಳು ಪಕ್ಕದ ಮನೆಯ ಸೋಮವ್ವ.

"ಯವ್ವಾ, ಹೆಣ್ಮಕ್ಕಳ ಸೀಟಿಗೆ ನೀ ನಿಂದ್ರಬೇಕು. ನೀ ಒಳಗಿದ್ರ ನಮ್ಮ ಗುಡ್ಡಕ್ಕ ಕೈ ಹಚ್ಚಾವ ಯಾವ ಮಗಾ ಅದಾನ?"

"ಅಲ್ಲಿ ಏನ್ ಮಾಡಬೇಕು ಅಂತ ನಂಗೇನ್ ತಿಳೀತೈತೋ?"

"ಏನೂ ಇಲ್ಲ. ನಾ ಎತ್ತಿದಾಗ ಕೈ ಎತ್ತೂದು."

ಇಬ್ಬರೂ ಗೆದ್ದರು. ಲಕ್ಷ್ಮಪ್ಪ ಪ್ರಧಾನನಾದ. ಸೋಮವ್ವ ಮೊದಲ ಸಭೆಯಲ್ಲಿ ಕುರ್ಚಿಯ ತುದಿಗೆ, ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟವಳ ಹಾಗೆ ಕುಳಿತಳು. ಮುಂದಿನ ಸಭೆಯಲ್ಲಿ ಲಕ್ಷ್ಮಪ್ಪ ಎದ್ದು, ಗುಡ್ಡದ ಹಿಂದಿನ ಮಗ್ಗಲಿಗೆ ಒಂದು ರಸ್ತೆ ಮಾಡೋಣ ಎಂದ. ಕುರಿಗಳಿಗೆ ನೀರಿನ ತೊಟ್ಟಿ ಕಟ್ಟಬಹುದು, ದನದ ಡಾಕ್ಟರರ ಜೀಪು ಬರಬಹುದು.

"ಕಂಬಳಿ ಹಾಸಿದ ಮ್ಯಾಲೂ ಜೀಪ ಬರತೈತೇನು?" ಎಂದು ಸೋಮವ್ವ ಕೇಳಿದಳು.

"ಬೀರಪ್ಪನ ಆಣಿ ಯವ್ವಾ, ನಿನ್ನ ಕಂಬಳಿ ಯಾರೂ ದಾಟೂದಿಲ್ಲ."

ಸೋಮವ್ವ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿದಳು. ಮಗ ಪ್ರಧಾನನಾದದ್ದು ಸಾರ್ಥಕವಾಯಿತು ಎನಿಸಿತು ಅವಳಿಗೆ.

ರಸ್ತೆ ಬೇಗ ಆಯಿತು. ತೊಟ್ಟಿ ಆಗಲಿಲ್ಲ. ಮರುವರ್ಷ ಮಳೆಗೆ ಕಂಬಳಿ ಹಾಸಿ, ಹುಲ್ಲು ಇನ್ನೂ ಹಾಲುಗಾಳು ಹಿಡಿಯುತ್ತಿದ್ದಾಗ ಒಂದು ಮಧ್ಯಾಹ್ನ ಧಡ್ ಅಂತ ಸದ್ದಾಯಿತು. ಗುಡುಗೆಂದು ತಲೆಯೆತ್ತಿ ನೋಡಿದರೆ ಆಕಾಶದಲ್ಲಿ ಮೋಡವೇ ಇಲ್ಲ. ಖಾದರಬಾಷಾ ಏದುಸಿರು ಬಿಡುತ್ತ ಬಂದ.

"ಸೋಮಕ್ಕಾ, ಹಿಂದಿನ ಮಗ್ಗಲಿಗೆ ಬಾ. ನಮ್ಮ ಗುಡ್ಡ ಲಾರಿ ಹತ್ತೇತಿ!"

ಗುಡ್ಡದ ನೆತ್ತಿಯ ಮೇಲಿಂದ ಹೋಗಿದ್ದರೆ ಹತ್ತಿರವಾಗುತ್ತಿತ್ತು. ಕಂಬಳಿ ದಾಟಬಾರದಲ್ಲ, ಸೋಮವ್ವ ಅಷ್ಟು ದೂರ ಬುಡ ಸುತ್ತಿಕೊಂಡೇ ಹೋದಳು. ಕೋಣೆಯಷ್ಟು ದೊಡ್ಡ ಕೆಂಪು ಕಲ್ಲುಗಳನ್ನು ಹೇರಿಕೊಂಡು ಲಾರಿಗಳು ಇಳಕಲ್ಲಿಗೆ ಹೊರಟಿದ್ದವು, ಅವಳು ಕೈ ಎತ್ತಿದ ರಸ್ತೆಯ ಮೇಲೆ. ತೆನೆಗಟ್ಟುವ ಹುಲ್ಲು ಪುಡಿಗಲ್ಲಿನ ಕೆಳಗೆ ಹೂತು ಹೋಗಿತ್ತು.

ಅಲ್ಲಿಂದ ನೆಟ್ಟಗೆ ಲಕ್ಷ್ಮಪ್ಪನ ಮನೆಗೆ ಹೋದಳು. ಅವನು ಚಹಾ ತರಿಸಿದ.

"ಎಲ್ಲೈತೋ ತೊಟ್ಟಿ?"

"ಬರತೈತಿ ಯವ್ವಾ. ಕಲ್ಲಿನ ಗುತ್ತಿಗಿ ಮ್ಯಾಲಿಂದ ಆಗಿಬಂದದ್ದು, ನಮ್ಮ ಕೈಯಾಗ ಏನೈತಿ? ನಾವು ಕೊಟ್ಟದ್ದು ಬರೇ ದಾರಿ."

"ಆಣಿ ಮಾಡಿದ್ದೆಲ್ಲೋ, ಬೀರಪ್ಪಂದು?"

"ಅದನ್ನೆಲ್ಲಿ ಮುರದೇನಿ? ನಿನ್ನ ಕಂಬಳಿ ಮುಂದೈತಿ, ಲಾರಿ ಹಿಂದಿಂದ ಬರತಾವ. ಒಬ್ಬರರ ದಾಟ್ಯಾರೇನು, ಹೇಳು ನೋಡೋಣು." ಚಹಾದ ಬಸಿ ಅವಳ ಕೈಗೆ ಕೊಟ್ಟು, "ಮತ್ತ, ಆ ದಾರಿಗೆ ಮೊದಲ ಕೈ ಎತ್ತಿದಾಕಿ ನೀನ ಅಲ್ಲ?" ಎಂದ.

ಸೋಮವ್ವ ಬಸಿಯನ್ನು ಹಾಗೇ ಕೆಳಗಿಟ್ಟು ಎದ್ದು ಬಂದಳು. ಹಾಲಿನ ಋಣದ ಮಾತು ಅವಳ ಬಾಯಲ್ಲಿ ಬರಲಿಲ್ಲ.

ಊರಿನಲ್ಲಿ, ಗುಡ್ಡ ಕೊಟ್ಟವಳೇ ಸೋಮವ್ವ ಎಂದು ಮಾತಾಯಿತು. ಸುಳ್ಳಾಗಿದ್ದರೆ ಸೆರಗು ಕಟ್ಟಿ ಜಗಳಕ್ಕೆ ನಿಲ್ಲಬಹುದಿತ್ತು. ಕೈ ಎತ್ತಿದ್ದು ಖರೆ ಇತ್ತು. ಮುಂದಿನ ಸಭೆಯಲ್ಲಿ, ಆ ರಸ್ತೆ ಮುಚ್ಚಬೇಕು ಎಂದು ತಾನೇ ಎದ್ದು ಹೇಳಿ ಕೈ ಎತ್ತಿದಳು. ಲಕ್ಷ್ಮಪ್ಪ ಎತ್ತಲಿಲ್ಲವಾದ್ದರಿಂದ ಉಳಿದವರೂ ಎತ್ತಲಿಲ್ಲ. ಮೇವಿಲ್ಲದೆ ಕನಕಪ್ಪ ಕುರಿ ಮಾರಿದ, ಲಾರಿಗೆ ಕಲ್ಲು ಹೇರುವ ಕೆಲಸಕ್ಕೆ ಸೇರಿದ. "ಚಿಂತಿ ಮಾಡಬ್ಯಾಡ ಅಕ್ಕಾ, ನಾ ಹಿಂದಿನ ದಾರಿಯಿಂದನ ಹೋಗ್ತೇನಿ," ಎಂದು ಅವಳಿಗೆ ಸಮಾಧಾನವನ್ನೂ ಹೇಳಿದ.

ಇಷ್ಟನ್ನೆಲ್ಲ ಸೋಮವ್ವ ಬುಡದ ಬೇವಿನ ನೆರಳಲ್ಲಿ ಕುಳಿತು, ಉಣ್ಣೆ ನೂಲುತ್ತ ಹೇಳಿದಳು. ಅಷ್ಟರಲ್ಲಿ ಹಿಂದಿನ ಮಗ್ಗಲಲ್ಲಿ ಮತ್ತೊಂದು ಸಿಡಿತ. ಕಂಬಳಿಯ ಮೂಲೆಯ ಕಲ್ಲು ಉರುಳಿತು. ಅವಳು ಎದ್ದು ಹೋಗಿ ಅದನ್ನು ಮತ್ತೆ ಹೇರಿ, ಮೇಲೆ ಕುಳಿತ ದೂಳು ಕೊಡವಿ ಬಂದಳು.

ಬೂಟು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದ ಲೇಖಕನಿಗೆ ತಡೆಯಲಾಗಲಿಲ್ಲ. "ಅಲ್ಲಬೇ ಯವ್ವಾ, ಹಿಂದಿಂದ ಅರ್ಧ ಗುಡ್ಡನ ಹೋಗೇತಿ. ಇನ್ನ ಮುಂದ ಕಂಬಳಿ ಹಾಸಿ ಏನ್ ಉಪಯೋಗ?"

ಸೋಮವ್ವ ನೂಲು ಎಳೆದು ನೋಡಿದಳು. ಗಟ್ಟಿಯಿತ್ತು.

"ಲಾರಿ ಬಂದ ಮ್ಯಾಲ ಇದನ್ನ ದಾಟಿದವ್ರು ನೀವೊಬ್ಬರ ನೋಡ್ರಿ," ಎಂದಳು. "ಹುಗ್ಗಿಗೆ ಬೆಲ್ಲ ಎಲ್ಲಿಂದ ತರಸ್ತೀರಿ, ಹುನಗುಂದದಿಂದೋ, ಇಳಕಲ್ಲಿಂದೋ?"