ಅವಳ ಮುಖದ ನಕ್ಷೆ

ನನ್ನ ಹೆಂಡತಿ ತೀರಿಕೊಂಡ ಮೊದಲ ವರ್ಷ, ಹಿರಿಯರಿಗೆ ಎಡೆ ಇಡುವ ಮಹಾಲಯ ಅಮಾವಾಸ್ಯೆಯ ದಿನ, ಗೋಡೆಗೆ ಒರಗಿಸಿಡಲು ಅವಳದೊಂದು ಪಟ ಇರಲಿಲ್ಲ. ನನ್ನ ಅಪ್ಪನದಿತ್ತು, ಅವ್ವನದೂ ಇತ್ತು. ಅವಳ ಜಾಗದಲ್ಲಿ ಒಂದು ಕಳಸ, ಅದರ ಪಕ್ಕ ಮಡಿಸಿಟ್ಟ ಸೀರೆ. ಚನ್ನರಾಯಪಟ್ಟಣದಿಂದ ಬಂದಿದ್ದ ಅವಳ ತಂಗಿ ಎಲೆಯ ಮುಂದೆ ಕೂತು, "ಒಂದು ಪಟನಾದ್ರೂ ಇರ್ಬೇಕಾಗಿತ್ತು ಬಾವ" ಅಂದಳು. ನನಗೆ ಸುರ್ರೆಂದು ಸಿಟ್ಟು ಬಂತು. ಮೂವತ್ತೆರಡು ವರ್ಷ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದವನು ನಾನು, ಬರುವ ವರ್ಷದ ಎಡೆಗೆ ಅವಳ ಪಟವನ್ನು ನಾನೇ ಬರೆದು ಇಡುತ್ತೇನೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ.

ಪಟ ಇಲ್ಲದ್ದಕ್ಕೆ ಕಾರಣವೂ ನಾನೇ. ನಮ್ಮ ಒಬ್ಬಳೇ ಮಗಳನ್ನು ಅರಕಲಗೂಡಿಗೆ ಕೊಟ್ಟಾಗ, ಅವಳು ಗಂಡನ ಮನೆಗೆ ಹೊರಡುವ ಮೊದಲು ಹಾಸನದ ನಮ್ಮ ಬಾಡಿಗೆ ಮನೆಯ ಮುಂದೆ ಫೋಟೋ ತೆಗೆಸುವುದೆಂದಾಯಿತು. ಫೋಟೋದವನು ಬಂದು ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಬೆಂಚು ಹಾಕಿಸಿ, ಒಬ್ಬೊಬ್ಬರನ್ನೇ ಹಿಡಿದು ಕೂರಿಸುತ್ತಿದ್ದ. ಆಗ ನಾನು ಹೆಂಡತಿಗೆ, ಪಾಪ ಬಿಸಿಲಲ್ಲಿ ನಿಂತಿದ್ದಾನೆ, ಒಂದು ಲೋಟ ಕಾಫಿ ಮಾಡಿಕೊಂಡು ಬಾ ಅಂದೆ. ಅವಳು ಎದ್ದು ಒಳಗೆ ಹೋದಳು. ಬಿಸಿಲು ಇಳಿಯುತ್ತದೆ, ಎಲ್ಲರೂ ಇದ್ದೀರಲ್ಲ ಎಂದು ಅವನು ಕೇಳಿದ. ಇದ್ದೇವೆ ಎಂದವನು ನಾನೇ. ಅವಳು ಕಾಫಿ ತಂದಾಗ ಅವನು ಸ್ಟ್ಯಾಂಡು ಮಡಿಸುತ್ತಿದ್ದ.

ಹದಿನೈದು ದಿನಕ್ಕೆ ಫೋಟೋ ಬಂತು. ನನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಬೆಂಚು ಖಾಲಿ ಇತ್ತು. ಹೆಂಡತಿ ಫೋಟೋವನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, "ಎಲ್ರೂ ಚೆನ್ನಾಗಿ ಬಂದವ್ರೆ" ಅಂದಳು. ಆಮೇಲೆ ಒಂದು ದಿನ ಹೋಗಿ ತೆಗೆಸಿದರಾಯಿತು ಎಂದುಕೊಂಡೆ. ಆ ಒಂದು ದಿನ ಬರಲೇ ಇಲ್ಲ. ನನ್ನ ನಿವೃತ್ತಿಗೆ ಮೂರು ತಿಂಗಳಿರುವಾಗ ಅವಳು ಜ್ವರದಲ್ಲಿ ಹೋದಳು.

ಚಿಕ್ಕಂದಿನಲ್ಲಿ ನನಗೆ ಚಿತ್ರ ಬರೆಯುವ ಹುಚ್ಚಿತ್ತು. ಹೊಳೆನರಸೀಪುರದಲ್ಲಿ ನಮ್ಮ ಮನೆಯ ಗೋಡೆ ಸುಣ್ಣ ಕಂಡ ಮರುದಿನವೇ ನನ್ನ ಇದ್ದಿಲನ್ನೂ ಕಾಣುತ್ತಿತ್ತು. ಎಮ್ಮೆ, ಹೊಳೆ ದಾಟುವ ಹರಿಗೋಲು, ಜಗಲಿಯ ಮೇಲೆ ಬಾಯಿ ತೆರೆದು ಮಲಗಿದ ದೊಡ್ಡಪ್ಪ. ಏಟು ಬಿದ್ದರೂ ಬಿಡಲಿಲ್ಲ. ಆ ಹುಚ್ಚೇ ನನಗೆ ಕೆಲಸ ಕೊಡಿಸಿತು, ಕೆಲಸವೇ ಹುಚ್ಚನ್ನು ಬಿಡಿಸಿತು. ಕಚೇರಿಗೆ ಸೇರಿದ ಹೊಸದರಲ್ಲಿ ಒಂದು ಊರಿನ ನಕ್ಷೆಯಲ್ಲಿ, ಮರದ ಗುರುತು ಹಾಕಬೇಕಾದ ಕಡೆ ನಿಜವಾದ ಮಾವಿನ ಮರವನ್ನೇ ಎಲೆ ಕಾಯಿ ಸಮೇತ ಬರೆದೆ. ನಮ್ಮ ಮೇಲಿನವರು ಬ್ಲೇಡು ತೆಗೆದುಕೊಂಡು ಎಲ್ಲರೆದುರು ಆ ಮರವನ್ನು ಕೆರೆದು ಹಾಕಿದರು. "ಕಂಡದ್ದನ್ನು ಬರೆಯಬೇಡಿ, ಅಳೆದದ್ದನ್ನು ಬರೆಯಿರಿ" ಎಂದರು. ಅವರು ಹೇಳಿದ್ದು ಸರಿ. ಒಬ್ಬನ ಗದ್ದೆ ಇನ್ನೊಬ್ಬನ ಪಾಲಾಗಬಾರದಲ್ಲ. ಅಲ್ಲಿಂದ ಮುಂದೆ ನನ್ನ ಕೈ ಸ್ಕೇಲು ಬಿಟ್ಟು ಆಚೆ ಹೋಗಲಿಲ್ಲ.

ಎಡೆಯ ದಿನ ಜಂಬ ಕೊಚ್ಚಿಕೊಂಡೆನಲ್ಲ, ಮರುವಾರವೇ ಕಾಗದ ಪೆನ್ಸಿಲು ತಂದು ಕೂತೆ. ನನಗೆ ಗೊತ್ತಿದ್ದದ್ದು ಒಂದೇ ವಿಧಾನ. ಹೊಲ ಅಳೆಯುವಾಗ ನಡುವೆ ಒಂದು ನೇರ ಗೆರೆ ಹಿಡಿದು ಸರಪಳಿ ಎಳೆಯುತ್ತೇವೆ, ಆ ಗೆರೆಯಿಂದ ಎಡಕ್ಕೆ ಬದು ಎಷ್ಟು ದೂರ, ಬಲಕ್ಕೆ ಎಷ್ಟು ದೂರ ಎಂದು ಗುರುತು ಹಾಕಿಕೊಂಡು ಹೋಗುತ್ತೇವೆ. ಹಾಗೆಯೇ ಬೈತಲೆಯಿಂದ ಗಲ್ಲದವರೆಗೆ ಗೆರೆ ಎಳೆದೆ. ಎಡಕ್ಕೆ ಕಿವಿ, ಬಲಕ್ಕೆ ಕಿವಿ. ಬಂದದ್ದು ಕೆರೆಯ ಕೆಳಗಿನ ಒಂದು ಗದ್ದೆ ತುಂಡು. ಅದಕ್ಕೆ ಕುಂಕುಮ ಇಟ್ಟೆ. ಕುಂಕುಮ ಇಟ್ಟ ಗದ್ದೆಯಾಯಿತು.

ಕೈ ಪಳಗಿಸಲೆಂದು ಹಾಸನದ ಹತ್ತಿರದ ಮೊಸಳೆ ಎಂಬ ಊರಿಗೆ ಹೋಗತೊಡಗಿದೆ. ಬೆಳಗಿನ ಬಸ್ಸಿಗೆ ಹೋಗಿ ಜೋಡಿ ಗುಡಿಗಳ ಗೋಡೆಯ ಕೆಳಗೆ ಟವೆಲು ಹಾಸಿ ಕೂರುವುದು, ಕಲ್ಲಿನ ಹೆಂಗಸರನ್ನು ನೋಡಿ ನೋಡಿ ಬರೆಯುವುದು. ಅವರಿಗೆ ಕಾಫಿ ಮಾಡುವ ಕೆಲಸವಿಲ್ಲ, ನಿಂತಲ್ಲೇ ನಿಂತಿರುತ್ತಾರೆ. ಎರಡು ತಿಂಗಳಿಗೆ ಕೈಯ ಬಿಗಿ ಬಿಟ್ಟಿತು. ಒಂದು ದಿನ ಸ್ಕೇಲನ್ನು ಮನೆಯಲ್ಲೇ ಮರೆತು ಹೋಗಿದ್ದೆ, ಸಂಜೆಯವರೆಗೂ ಅದು ನೆನಪಿಗೆ ಬರಲಿಲ್ಲ. ಅವತ್ತು ನನಗಾದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೆಂಡತಿ ಸತ್ತು ವರ್ಷವಾಗಿರುವ ಮನುಷ್ಯ ನಾನು, ಬಸ್ಸಿನಲ್ಲಿ ಕೂತು ತನ್ನಷ್ಟಕ್ಕೆ ನಗುತ್ತಿದ್ದೆ. ಮನೆಗೆ ಬಂದು ಅದೇ ಉಮೇದಿನಲ್ಲಿ ಅವಳ ಮುಖಕ್ಕೆ ಕೈ ಹಾಕಿದೆ. ಬರಲಿಲ್ಲ. ಈಗ ಕೈಯದು ತಪ್ಪಲ್ಲ ಎಂದು ಗೊತ್ತಾದದ್ದರಿಂದ ಇನ್ನೂ ಭಯವಾಯಿತು.

ಅಕ್ಕತಂಗಿಯರದು ಒಂದೇ ಅಚ್ಚು ಎಂದು ಎಲ್ಲರೂ ಹೇಳುತ್ತಿದ್ದರು. ಚನ್ನರಾಯಪಟ್ಟಣಕ್ಕೆ ಹೋಗಿ ನಾದಿನಿಯನ್ನು ಪಡಸಾಲೆಯಲ್ಲಿ ಕೂರಿಸಿದೆ. ಅವಳು ನಾಚಿ ತಲೆ ಬಗ್ಗಿಸಿದಳು. ನಾನು ಬರೆದೆ, ಹಾಳೆಯ ಮೇಲೆ ನಾದಿನಿಯೇ ಬಂದಳು, ಪಕ್ಕದ ಮನೆಯವರೂ ಬಂದು ನೋಡಿ ತಲೆದೂಗಿದರು. ನಾದಿನಿ ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಅತ್ತಳು, ಅಕ್ಕನಿಗೆ ಎಡಗೆನ್ನೆಯಲ್ಲಿ ಮಚ್ಚೆ ಇತ್ತು, ತನಗಿಲ್ಲ ಎಂದಳು. ನನಗೆ ಆ ಮಚ್ಚೆ ನೆನಪಿರಲಿಲ್ಲ. ನೆನಪಿದೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ.

ಎಡೆಗೆ ಇನ್ನೊಂದು ತಿಂಗಳಿತ್ತು. ಇದ್ದದ್ದರಲ್ಲಿ ವಾಸಿಯೆನಿಸಿದ ಏಳೆಂಟು ಹಾಳೆ ಸುರುಳಿ ಸುತ್ತಿಕೊಂಡು ಅರಕಲಗೂಡಿಗೆ ಮಗಳ ಮನೆಗೆ ಹೋದೆ. ಅವರದು ಹೊಗೆಸೊಪ್ಪಿನ ಬೇಸಾಯ. ರಾಮನಾಥಪುರಕ್ಕೆ ಸೊಪ್ಪು ಸಾಗಿಸುವ ಗಡಿಬಿಡಿ, ಅಳಿಯ ಮನೆಯಲ್ಲಿರಲಿಲ್ಲ. ಮಗಳು ಸೊಪ್ಪಿನ ಅಂಟು ಹತ್ತಿದ ಕೈ ತೊಳೆದು ಬಂದು, ಹಾಳೆಗಳನ್ನು ಒಂದೊಂದಾಗಿ ನೋಡಿ, ಮತ್ತೆ ಸುರುಳಿ ಸುತ್ತಿ ನನ್ನ ಮುಂದಿಟ್ಟಳು.

"ಮೂಗು ಚಿಕ್ಕವ್ವಂದು, ಕಣ್ಣು ಗುಡಿ ಗೊಂಬೇದು. ಅವ್ವ ಎಲ್ಲವ್ಳಪ್ಪ ಇದ್ರಲ್ಲಿ?"

ನನಗೆ ರೇಗಿತು. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವನಿಗೆ ಹೇಳಿಕೊಡಲು ಬಂದಿದ್ದಾಳೆ ಎಂದು ಬೈದೆ. ಅವಳು ದನಿ ಏರಿಸಲಿಲ್ಲ.

"ನೀನು ಅವ್ವನ ಮೊಕ ಯಾವತ್ತು ನೋಡಿದ್ದೆ? ಉಣ್ಣಾಕೆ ಕೂತ್ರೆ ತಟ್ಟೆ ನೋಡ್ತಿದ್ದೆ, ಎದ್ರೆ ಪೇಪರ್ ನೋಡ್ತಿದ್ದೆ. ಆ ಪೋಟೋದಾಗೆ ಅವ್ವ ಇಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು. ಮದ್ಲಗಿತ್ತಿ ಬಾಯಿ ಬಿಡಬಾರ್ದು ಅಂತ ಸುಮ್ಕಿದ್ದೆ."

ನಾನು ಸಮಜಾಯಿಷಿ ಕೊಡಬಹುದಿತ್ತು. ನಮ್ಮ ಕಾಲದಲ್ಲಿ ಅಪ್ಪ ಅವ್ವನ ಎದುರು ಹೆಂಡತಿಯ ಮುಖ ನೋಡಿ ಮಾತಾಡಿದವನನ್ನು ಮಾನಗೆಟ್ಟವನು ಅನ್ನುತ್ತಿದ್ದರು. ಹನ್ನೆರಡು ವರ್ಷ ಅವರೊಂದಿಗಿದ್ದೆವು, ಹನ್ನೆರಡು ವರ್ಷವೂ ನಾನು ಮಾನವಂತನಾಗಿದ್ದೆ. ಆದರೆ ಅವರು ಹೋದ ಮೇಲೂ ಹದಿನೇಳು ವರ್ಷ ಉಳಿದಿತ್ತಲ್ಲ. ಆಗ ನನ್ನನ್ನು ಯಾರು ಹಿಡಿದುಕೊಂಡಿದ್ದರು?

ಮಧ್ಯಾಹ್ನ ಅವಳೇ ಊಟಕ್ಕೆ ಬಡಿಸಿದಳು. ರೂಢಿಯಂತೆ ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಸಾರಿನ ಸೌಟು ಹಿಡಿದ ಕೈ ತಟ್ಟೆಯ ಮೇಲೆ ಬಂತು, ಮಗಳ ಕೈ, ಉಗುರಿನಲ್ಲಿ ಸೊಪ್ಪಿನ ಕಲೆ ಹಿಡಿದಿತ್ತು. ಇದಲ್ಲ ಅನ್ನಿಸಿತು. ಇದಲ್ಲ ಅನ್ನಿಸಬೇಕಾದರೆ ಬೇರೊಂದು ಕೈ ನನಗೆ ಗೊತ್ತಿರಬೇಕು. ಗೊತ್ತಿತ್ತು. ಅವಳ ಮಣಿಕಟ್ಟಿನ ಮೇಲೆ, ಮುದ್ದೆ ತಿರುವುವಾಗ ಹಿಟ್ಟು ಹಾರಿ ಸುಟ್ಟ ಹುಣಸೆ ಬೀಜದಷ್ಟು ಕಲೆ. ಬಾತುಕೊಂಡ ಉಂಗುರದ ಬೆರಳ ಗಿಣ್ಣು. ನಾಲ್ಕು ಹಸಿರು ಬಳೆ, ಸೌಟು ಬಾಗಿದಾಗ ನಾಲ್ಕೂ ಮುಂದಕ್ಕೆ ಜಾರಿ ಹೆಬ್ಬೆರಳ ಬುಡಕ್ಕೆ ತಾಕುತ್ತಿದ್ದವು. ಹೆಬ್ಬೆರಳಿನ ಉಗುರಿನಲ್ಲಿ ಉದ್ದಕ್ಕೆ ಒಂದು ಸೀಳು. ಅರ್ಧ ಊಟಕ್ಕೆ ಎದ್ದೆ.

ಜಗಲಿಯಲ್ಲಿ ಕೂತು ನಾದಿನಿಯ ಮುಖವಿದ್ದ ಹಾಳೆಯ ಬೆನ್ನ ಮೇಲೆಯೇ ಸೌಟು ಹಿಡಿದ ಆ ಕೈಯನ್ನು ಬರೆದೆ. ಅಳೆಯಲಿಲ್ಲ, ಅಳಿಸಲಿಲ್ಲ. ಮಾವಿನ ಮರ ಬರೆದ ದಿನದ ಹಾಗೆ ಪೆನ್ಸಿಲು ತಾನೇ ಹೋಗುತ್ತಿತ್ತು. ಮುಗಿದಾಗ ಮಗಳು ಬಂದು ಹಿಂದೆ ನಿಂತಿದ್ದಳು. ಆಮೇಲೆ ಬಗ್ಗಿ, ಹಾಳೆಯ ಮೇಲೆ ಆ ಸುಟ್ಟ ಕಲೆಯನ್ನು ಬೆರಳಿನಿಂದ ಸವರಿದಳು.

"ಅವ್ವನೇ ಕಣಪ್ಪ" ಅಂದಳು.

ಆ ಹಾಳೆಗೇ ಹಾಸನದಲ್ಲಿ ಕಟ್ಟು ಹಾಕಿಸಿದೆ. ಕಟ್ಟು ಹಾಕುವವನು ಮುಖ ಎಲ್ಲಿ ಎಂದು ಕೇಳಿದ, ನಿನ್ನ ಕೆಲಸ ನೋಡು ಅಂದೆ. ಮಹಾಲಯದ ಹಿಂದಿನ ದಿನ ಮಗಳು ಬಂದು ಅಡುಗೆಗೆ ನಿಂತಳು. ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕು, ಅವ್ವನಿಗೆ ಕಜ್ಜಾಯ ಅಂದರೆ ಪ್ರಾಣ ಎಂದು ಪಾಕ ಹಿಡಿದಳು. ನನಗೆ ಅದೂ ಗೊತ್ತಿರಲಿಲ್ಲ. ಕಜ್ಜಾಯ ಮಾಡಿದ ದಿನ ಅವಳು ಎಷ್ಟು ತಿಂದಳು, ಅವಳಿಗೆ ಉಳಿಯಿತೇ ಎಂದು ನಾನು ಕೇಳಿದ ನೆನಪಿಲ್ಲ.

ನನ್ನ ಅಪ್ಪನ ಪಟ, ನನ್ನ ಅವ್ವನ ಪಟ, ಪಕ್ಕದಲ್ಲಿ ಅವಳದು. ಎಲೆ ಹಾಕಿ, ಅನ್ನ, ಕಜ್ಜಾಯ ಎಲ್ಲ ಬಡಿಸಿ, ಧೂಪ ಹಾಕಿದೆವು. ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಳ್ಳುವುದು ರೂಢಿ. ಕೊನೆಯಲ್ಲಿ ಹೊರಟವನು ನಾನು. ಬಾಗಿಲ ಹತ್ತಿರ ತಿರುಗಿ ನೋಡಿದೆ. ನನ್ನ ಅಪ್ಪ ಅವ್ವ ಎಲೆಯನ್ನು ನೋಡುತ್ತಾ ಕೂತಿದ್ದರು. ಅವಳ ಕೈ ಮಾತ್ರ ಸೌಟು ಬಗ್ಗಿಸಿಕೊಂಡು, ಅವಳಿಗೆಂದು ಹಾಕಿದ ಎಲೆಗೂ ಬಡಿಸುತ್ತಿತ್ತು.